ಬೆನ್ನುಹುರಿ ಹಿಡಿತಕ್ಕೆ ಅಡ್ಡಿಯಿಲ್ಲ ಎಂದವನು ನಾನೇ

ನಾನು ಸುಲಭಕ್ಕೆ ಯಾರನ್ನೂ ನಂಬುವವನಲ್ಲ. ಮೂವತ್ತು ವರ್ಷ ಹಾನಗಲ್ಲಿನ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಅದರ ಜೊತೆಗೇ ಸುತ್ತಲಿನ ತಾಲ್ಲೂಕುಗಳ ಕುಸ್ತಿ ಕಣದಲ್ಲಿ ತೀರ್ಪು ಕೊಡುವ ಪಂಚನಾಗಿ ನಿಂತೆ. ಕೊನೆಯ ಆರು ವರ್ಷ ಪಂಜರದೊಳಗೆ ಆಡುವ ಹೊಸ ಹೊಡೆದಾಟಕ್ಕೆ, ಎಂಎಂಎ ಅನ್ನುತ್ತಾರಲ್ಲ ಅದಕ್ಕೆ, ರೆಫ್ರಿಯಾದೆ. ಈಗ ಯಾವುದೂ ಇಲ್ಲ. ನಮ್ಮ ಕಡೆಯ ಕೆಲವು ಹುಡುಗ ಹುಡುಗಿಯರು ರೆಫ್ರಿ ಪರೀಕ್ಷೆಗೆ ಕೂರುತ್ತಿದ್ದಾರೆ, ನಿಮ್ಮ ಅನುಭವ ಬರೆದುಕೊಡಿ ಎಂದು ಮನೆಗೆ ಬಂದು ಕೇಳಿದರು. ಇವರು ನಿಜವಾಗಿ ಓದುತ್ತಾರೋ, ಇಲ್ಲ ನನ್ನ ಕೈಯಿಂದ ಬರೆಸಿಕೊಂಡು ಎಲ್ಲಾದರೂ ತೋರಿಸುತ್ತಾರೋ ಎಂಬ ಅನುಮಾನ ಇದ್ದೇ ಇದೆ. ಇರಲಿ, ತೋರಿಸಿದರೂ ತೋರಿಸಲಿ.

ನನ್ನ ಹೆಂಡತಿ ಗಿರಿಜಾಗೆ ಈ ಸ್ವಭಾವ ಸಾಕುಸಾಕಾಗಿದೆ. "ಹಾಲಿನವ್ವ ಹನ್ನೆರಡ ವರ್ಷದಿಂದ ಬರಾಕತ್ತಾಳ. ದಿನಾ ಆಕಿ ಮಾಪಿನ ತಳಾ ನೋಡ್ತೀರಿ. ನಾಚಿಕಿ ಬರೂದಿಲ್ಲೇನ್ರಿ ನಿಮಗ?" ಅನ್ನುತ್ತಾಳೆ. ಬರುವುದಿಲ್ಲ. ಹಾಲು ಅಳೆಯುವ ಮಾಪಿನ ತಳ ಒಳಕ್ಕೆ ತಗ್ಗಿದ್ದನ್ನು ನಾನು ಒಮ್ಮೆ ಕಂಡಿದ್ದೇನೆ.

ಈ ಕಣ್ಣನ್ನು ನನಗೆ ಕೊಟ್ಟವರು ಹಾನಗಲ್ಲಿನ ಗದಿಗೆಪ್ಪ ವಸ್ತಾದರು. ಗರಡಿಯಲ್ಲಿ ಪಟ್ಟು ಕಲಿಸುವ ಗುರುವೂ ಅವರೇ, ಕಣಕ್ಕೆ ಹಿರಿಯ ಪಂಚರೂ ಅವರೇ. ಸಣ್ಣ ಆಳು, ದೊಡ್ಡ ಧ್ವನಿ. ನಾನು ಮೊದಲ ಸಲ ಕೆಂಪು ಮಣ್ಣಿಗೆ ಇಳಿದ ದಿನ ಹೇಳಿದ್ದರು: "ಮಾರಿ ನೋಡಬ್ಯಾಡೋ ತಮ್ಮಾ. ಮಾರಿ ಸುಳ್ಳ ಹೇಳತೈತಿ. ಕೈ ನೋಡು." ಪೈಲ್ವಾನನ ಮುಖ ಅಳುತ್ತಿರುತ್ತದೆ, ಕೈ ಮಾತ್ರ ಎದುರಾಳಿಯ ಲಂಗೋಟಿಯ ಗಂಟು ಹುಡುಕುತ್ತಿರುತ್ತದೆ. ಅವರ ಮಾತು ಕೇಳಿ ನಾನು ಕೈ ನೋಡುವುದನ್ನು ಕಲಿತೆ, ಆದರೆ ಪರರ ಕೈ ಮಾತ್ರ.

ತಿಳವಳ್ಳಿಯಲ್ಲಿ ಒಂದು ಕುಸ್ತಿ. ಒಬ್ಬ ಪೈಲ್ವಾನನ ಬೆನ್ನು ಮುಟ್ಟಿದರೆ ಜಾರುತ್ತಿತ್ತು. ಮೈಗೆ ಎಣ್ಣೆ ಹಚ್ಚಿಕೊಂಡು ಬಂದವನನ್ನು ಹಿಡಿಯಲು ಆಗುವುದಿಲ್ಲ, ಅದು ಮೋಸ. ಟವೆಲ್ಲಿನಿಂದ ಒರೆಸಿಸಿದೆ, ಮಣ್ಣು ಹಚ್ಚಿಸಿದೆ. ಮತ್ತೆ ಮುಟ್ಟಿದರೆ ಮತ್ತೆ ಜಾರಿತು. ಮೂರನೆಯ ಸಲಕ್ಕೆ ಹೊರಗೆ ನಡೆ ಎಂದೆ. ಜನ ಕೂಗತೊಡಗಿದರು. ಗದಿಗೆಪ್ಪ ವಸ್ತಾದರು ಕಣಕ್ಕೆ ಇಳಿದು ಬಂದವರೇ ನನ್ನ ಅಂಗೈ ಹಿಡಿದು ಮೂಸಿದರು. "ತಲೀಗೆ ಯಾವ ಎಣ್ಣಿ ಹಚ್ಚೀಯೋ?" ಎಂದರು. ಕೊಬ್ಬರಿ ಎಣ್ಣೆ. ಮಾತುಮಾತಿಗೆ ಕ್ರಾಪಿನ ಮೇಲೆ ಕೈಯಾಡಿಸುವ ಚಟ ನನಗೆ. ಆ ಪೈಲ್ವಾನನ ಬೆನ್ನಿಗೆ ಎಣ್ಣೆ ಬಳಿಯುತ್ತಿದ್ದವನು ನಾನೇ. ತಿಳವಳ್ಳಿಯವರು ಆಮೇಲೆ ಬಹಳ ವರ್ಷ ನನ್ನನ್ನು "ಎಣ್ಣಿ ಪಂಚ" ಎಂದು ಕರೆದರು. ನಾನು ಇದರಿಂದ ಕಲಿತ ಪಾಠ ಕಣಕ್ಕೆ ಹೋಗುವ ದಿನ ತಲೆಗೆ ಎಣ್ಣೆ ಹಚ್ಚಬಾರದು ಎಂಬುದಷ್ಟೇ. ಇನ್ನೂ ಸ್ವಲ್ಪ ಹೆಚ್ಚಿಗೆ ಕಲಿಯಬೇಕಾಗಿತ್ತು.

ನಿವೃತ್ತಿ ಹತ್ತಿರ ಬಂದಾಗ ಹೊಸ ಆಟ ಬಂತು. ಶಿಗ್ಗಾವಿಯಲ್ಲಿ ಜಿಮ್ ಇಟ್ಟಿದ್ದ ಮಹಾಂತೇಶ ಎಂಬಾತ ಒಂದು ಪಂಜರ ಮಾಡಿಸಿದ. ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಶೆಡ್ಡಿನಲ್ಲಿ ವೆಲ್ಡಿಂಗ್, ತೋಟದ ಬೇಲಿಗೆ ಹಾಕುವ ತಂತಿ ಜಾಳಿಗೆ, ಕಂಬಗಳಿಗೆ ಸುತ್ತಿದ ಸ್ಪಂಜು. ಪ್ರತಿ ಪಂದ್ಯಕ್ಕೂ ಮೊದಲು ನಾನು ಆ ಜಾಳಿಗೆಯ ಒಂದೊಂದು ಭಾಗಕ್ಕೂ ಜೋತುಬಿದ್ದು ನೋಡುತ್ತಿದ್ದೆ. ಹುಡುಗರು ನಗುತ್ತಿದ್ದರು. ಎರಡು ಸಲ ಬೋಲ್ಟು ಕಿತ್ತು ಬಂತು, ಆಮೇಲೆ ನಗಲಿಲ್ಲ. ಇನ್ನೊಮ್ಮೆ ಎಂಟು ಜನರ ವೈದ್ಯಕೀಯ ಸರ್ಟಿಫಿಕೇಟುಗಳು ಬಂದವು. ಎಂಟಕ್ಕೂ ಒಂದೇ ರಕ್ತದೊತ್ತಡ, ಒಂದೇ ಕೈಬರಹ. ಪಂದ್ಯವನ್ನೇ ನಿಲ್ಲಿಸಿದೆ. ನಿಮ್ಮ ಕೆಲಸದಲ್ಲಿ ಅನುಮಾನ ಬೇಕು, ಅದನ್ನು ನಾನು ಈಗಲೂ ಹೇಳುತ್ತೇನೆ.

ಹುಬ್ಬಳ್ಳಿಯಲ್ಲಿ ನಮಗೆ ತರಬೇತಿ ಕೊಟ್ಟರು. ಪುಣೆಯಿಂದ ಬಂದ ಒಬ್ಬ ತರಬೇತುದಾರ ನಿಯಮ ಓದಿಸಿದ. ತಲೆಯ ಹಿಂಭಾಗಕ್ಕೆ ಗುದ್ದುವಂತಿಲ್ಲ, ಬೆನ್ನುಮೂಳೆಗೆ ಗುದ್ದುವಂತಿಲ್ಲ, ತಲೆ ಕೆಳಗಾಗಿ ಎತ್ತಿ ಕುಕ್ಕುವಂತಿಲ್ಲ, ಎದುರಾಳಿಯ ಒಂದು ಬೆರಳು ಹಿಡಿದು ತಿರುವುವಂತಿಲ್ಲ. ಎಲ್ಲಾ ಸರಿ. ಆಮೇಲೆ ಚಾಪೆಯ ಮೇಲೆ ಒಬ್ಬನನ್ನು ಮಲಗಿಸಿ ಸೊಂಟವನ್ನು ಒಂದು ಕಡೆಗೂ ಕುತ್ತಿಗೆಯನ್ನು ಇನ್ನೊಂದು ಕಡೆಗೂ ತಿರುವಿ ತೋರಿಸಿದ. ಇದು ಬೆನ್ನುಹುರಿಯ ಹಿಡಿತ, ವೃತ್ತಿಪರರ ಪಂದ್ಯದಲ್ಲಿ ಇದಕ್ಕೆ ಅಡ್ಡಿಯಿಲ್ಲ, ಹವ್ಯಾಸಿಗಳ ಪಂದ್ಯದಲ್ಲಿ ನಿಷಿದ್ಧ ಎಂದ. ನಮ್ಮ ಮಣ್ಣಿನ ಕುಸ್ತಿಯಲ್ಲಿ ಕುತ್ತಿಗೆ ಹೀಗೆ ತಿರುಗುವುದು ಕಂಡರೆ ಪಂಚ "ಬಿಡೋ" ಎಂದು ಕೂಗಿ ಕೈ ಹಾಕುತ್ತಾನೆ. ಜೂಡೋದಲ್ಲೂ ಇದು ನಡೆಯುವುದಿಲ್ಲ.

ನಾನು ಎದ್ದು ಕೇಳಿದೆ. ಒಂದು ಬೆರಳು ತಿರುವಿದರೆ ತಪ್ಪು, ಬೆನ್ನುಹುರಿ ತಿರುವಿದರೆ ತಪ್ಪಲ್ಲ, ಇದು ಯಾವ ನ್ಯಾಯ? ಆತ ಸಿಟ್ಟಾಗಲಿಲ್ಲ. ಬೆರಳು ಚಟಕ್ಕನೆ ಮುರಿಯುತ್ತದೆ, ಹೇಳಲು ಹೊತ್ತೇ ಇರುವುದಿಲ್ಲ. ಈ ಹಿಡಿತದಲ್ಲಿ ನೋವು ನಿಧಾನಕ್ಕೆ ಏರುತ್ತದೆ. ಸಿಕ್ಕಿಬಿದ್ದವನು ಕೈಯಿಂದ ತಟ್ಟಿ ಸೋತೆ ಎನ್ನಬಹುದು, ರೆಫ್ರಿ ತಕ್ಷಣ ಬಿಡಿಸಬಹುದು. ರೆಫ್ರಿ ನೆಟ್ಟಗಿದ್ದಾನೆ ಎಂಬ ನಂಬಿಕೆಯ ಮೇಲೆ ಇದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ ಎಂದ. ನನಗೆ ಸಮಾಧಾನವಾಗಲಿಲ್ಲ. ಯಾರೋ ಎಲ್ಲೋ ಕುಳಿತು ಮಾಡಿದ ನಿಯಮದ ಭಾರವನ್ನು ನನ್ನ ತಲೆಗೆ ಕಟ್ಟುತ್ತಿದ್ದಾರೆ ಅನ್ನಿಸಿತು.

ಮೊದಮೊದಲು ನಾನು ಬೇಗ ಬಿಡಿಸುತ್ತಿದ್ದೆ. ಶಿಗ್ಗಾವಿಯ ಒಂದು ಪಂದ್ಯದಲ್ಲಿ ದುಂಡಸಿಯ ಹುಡುಗ ಕೆಳಗೆ ಸಿಕ್ಕಿ ಎದುರಾಳಿಯ ಭುಜಕ್ಕೆ ಒಮ್ಮೆ ಮೆಲ್ಲಗೆ ತಟ್ಟಿದ. ಬಿಡಿಸಿದೆ. ಎದ್ದವನೇ ಅವನು ತಕರಾರು ತೆಗೆದ. "ನಾ ಎಲ್ಲಿ ತಟ್ಟೇನ್ರಿ? ಕೈ ಜಾರಿತು, ಹಿಡಕೊಳ್ಳಾಕ ಹೋಗಿದ್ದೆ!" ದುಂಡಸಿಯಿಂದ ಟೆಂಪೋ ತುಂಬ ಬಂದಿದ್ದವರು ಜಾಳಿಗೆ ಅಲ್ಲಾಡಿಸತೊಡಗಿದರು. ಮಹಾಂತೇಶ ಎಲ್ಲರೆದುರು ನನಗೆ ಬೈದ. "ಸರ, ಒಮ್ಮೆ ತಟ್ಟಿದ್ರ ನಂಬಬ್ಯಾಡ್ರಿ. ಎರಡ ಮೂರ ಸಲ ತಟ್ಟಲಿ, ಆಮ್ಯಾಲ ಬಿಡಸ್ರಿ." ಹುಡುಗ ಸುಳ್ಳು ಹೇಳಿದನೋ ನಿಜ ಹೇಳಿದನೋ ಇವತ್ತಿಗೂ ಗೊತ್ತಿಲ್ಲ. ಅವತ್ತಿನಿಂದ ನಾನು ತಟ್ಟುವ ಕೈಯನ್ನೂ ಅನುಮಾನಿಸತೊಡಗಿದೆ.

ಈಗ ಹಿರೇಕೆರೂರಿನ ಪಂದ್ಯದ ಮಾತು. ಒಂದು ಕಲ್ಯಾಣ ಮಂಟಪದಲ್ಲಿ, ಊಟದ ಹಾಲಿನ ನಡುವೆ ಪಂಜರ ಹಾಕಿದ್ದರು. ಮುಖ್ಯ ಪಂದ್ಯ ಇಬ್ಬರು ಹುಡುಗಿಯರದು. ಒಬ್ಬಳು ಹಂಸಭಾವಿಯ ರೇಣುಕಾ. ಅಪ್ಪ ನಿಂಗಪ್ಪ ಹಳೆಯ ಪೈಲ್ವಾನ, ಮಗಳಿಗೆ ಗರಡಿಯಲ್ಲೇ ಎಲ್ಲ ಕಲಿಸಿದ್ದ. ಇನ್ನೊಬ್ಬಳು ಸವಣೂರಿನ ಸವಿತಾ. ಸೋಮು ಎಂಬ ಜಿಮ್ ಮಾಸ್ತರ ಅವಳಿಗೆ ಹೊಸ ಪಟ್ಟುಗಳನ್ನು ಕಲಿಸಿದ್ದ. ಇಬ್ಬರಿಗೂ ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು.

ಬೆಳಿಗ್ಗೆ ನಿಯಮ ಓದುವವನು ನಾನೇ. ಮಹಾಂತೇಶ ಪೋಸ್ಟರಿನಲ್ಲಿ ವೃತ್ತಿಪರರ ಪಂದ್ಯ ಎಂದು ಹಾಕಿಸಿದ್ದ, ನಾನು ಆ ನಿಯಮವನ್ನೇ ಓದಿದೆ. ಸವಿತಾ ಕೈ ಎತ್ತಿದಳು. "ಸರ, ಕುತ್ತಿಗಿ ತಿರುವಿ ಹಿಡಿಯೂದು ನಡೀತೈತೇನ್ರಿ? ನನಗ ಅದ ಛಲೋ ಬರತೈತಿ, ಕೇಳೇ ಮಾಡಬೇಕಂತ ಸೋಮು ಸರ ಹೇಳ್ಯಾರ." ನಾನು ಹಾಳೆ ನೋಡಿ, "ಬೆನ್ನುಹುರಿ ಹಿಡಿತಕ್ಕ ಅಡ್ಡಿ ಇಲ್ಲವ್ವಾ" ಎಂದೆ. ವೃತ್ತಿಪರರೋ ಹವ್ಯಾಸಿಗಳೋ ಎಂದು ಬರೆದಿರುವ ಇಬ್ಬರ ಕಾರ್ಡುಗಳನ್ನು ನೋಡಲಿಲ್ಲ. ಹಾಲಿನ ಮಾಪಿನ ತಳ ನೋಡುವವನು ಕಾರ್ಡು ನೋಡಲಿಲ್ಲ. ಯಾಕೆಂದರೆ ನನ್ನ ಗಮನ ಆಗಲೇ ಬೇರೆ ಕಡೆ ಹೋಗಿತ್ತು. ಮಂಟಪದ ಹಿಂದೆ ನಿಂಗಪ್ಪನೂ ಸೋಮುವೂ ಒಂದೇ ಪೊಟ್ಟಣದಿಂದ ಮಿರ್ಚಿ ಭಜಿ ತಿನ್ನುತ್ತ ಪಿಸುಪಿಸು ಮಾತಾಡುತ್ತಿದ್ದುದನ್ನು ಕಂಡಿದ್ದೆ. ನನ್ನನ್ನು ಕಂಡೊಡನೆ ಮಾತು ನಿಲ್ಲಿಸಿ ನಕ್ಕಿದ್ದರು. ಎದುರಾಳಿಗಳ ಗುರುಗಳು ಹೀಗೆ ಕೂಡಿದರೆ ನನ್ನಂಥವನಿಗೆ ಒಂದೇ ಅರ್ಥ. ಪಂದ್ಯ ಮೊದಲೇ ನಿಶ್ಚಯವಾಗಿದೆ, ಒಬ್ಬಳು ಬೇಗ ತಟ್ಟುತ್ತಾಳೆ ಅಂದುಕೊಂಡೆ.

ಎರಡನೆಯ ಸುತ್ತಿನಲ್ಲಿ ಸವಿತಾ ರೇಣುಕಾಳ ಬೆನ್ನಿಗೆ ಬಂದಳು. ಇಬ್ಬರೂ ನೆಲಕ್ಕೆ ಉರುಳಿದರು. ಸವಿತಾ ತನ್ನ ಎರಡೂ ಕಾಲುಗಳಿಂದ ರೇಣುಕಾಳ ಒಂದು ಕಾಲನ್ನು ಬಂಧಿಸಿದಳು, ಅವಳ ಬಲಗೈಯನ್ನು ತನ್ನ ತಲೆಯ ಹಿಂದೆ ಸಿಕ್ಕಿಸಿಕೊಂಡಳು, ದವಡೆಯ ಮೇಲೆ ತೋಳು ಹಾಕಿ ತಲೆಯನ್ನು ತನ್ನ ಕಡೆ ಎಳೆಯತೊಡಗಿದಳು. ರೇಣುಕಾಳ ಬಾಯಿ ಮುಚ್ಚಿತ್ತು, ಕೂಗುವಂತಿರಲಿಲ್ಲ. ಎಡಗೈ ಒಂದೇ ಬಿಡುವಾಗಿತ್ತು. ಅದಕ್ಕೆ ಎಟುಕುತ್ತಿದ್ದುದು ಅವಳದೇ ತೊಡೆ.

ಅವಳು ತೊಡೆ ತಟ್ಟಿದಳು.

ಹೊರಗಿನವರು ಓದುತ್ತಿದ್ದರೆ ಇಷ್ಟು ತಿಳಿದಿರಲಿ. ನಮ್ಮ ಗರಡಿಯಲ್ಲಿ ತೊಡೆ ತಟ್ಟುವುದೆಂದರೆ ಬಾ ನೋಡೋಣ ಎಂದು ಕರೆಯುವುದು. ಕೆಳಗೆ ಸಿಕ್ಕಿಬಿದ್ದ ಪೈಲ್ವಾನನೂ ನಾನಿನ್ನೂ ಚಿತ್ ಆಗಿ ಸೋತಿಲ್ಲ ಎಂದು ತೋರಿಸಲು ತೊಡೆ ತಟ್ಟುತ್ತಾನೆ. ಮಂಟಪದಲ್ಲಿ ಕುಳಿತವರೆಲ್ಲ ಕುಸ್ತಿ ನೋಡಿ ಬೆಳೆದವರು, ಒಮ್ಮೆಲೇ ಸಿಳ್ಳೆ ಹೊಡೆದರು. "ಭಲೇ ಹುಲಿ!" ಎಂದು ಯಾರೋ ಕೂಗಿದರು. ಅವಳ ಅಪ್ಪ ನಿಂಗಪ್ಪನೂ ಎದ್ದು ನಿಂತು ತನ್ನ ತೊಡೆ ತಟ್ಟಿದ. ಅವನಿಗೂ ತಿಳಿಯಲಿಲ್ಲ.

ಆದರೆ ನನಗೆ ತಿಳಿದಿತ್ತು. ಸವಾಲಿನ ತಟ್ಟು ಒಂದೇ ಇರುತ್ತದೆ, ಜೋರಾಗಿರುತ್ತದೆ. ಇವಳದು ಬೇಗ ಬೇಗ ಇತ್ತು, ಹಗುರಾಗಿತ್ತು. ಇದು ಸೋಲು ಒಪ್ಪುವ ಕೈ ಎಂದು ನನ್ನ ಮನಸ್ಸಿನ ಒಂದು ಮೂಲೆ ಹೇಳಿತು. ಕೂಡಲೇ ಇನ್ನೊಂದು ಮೂಲೆ ಎದ್ದಿತು. ಮಿರ್ಚಿ ತಿಂದವರ ಮಾತಿನಂತೆ ಬೇಗ ಮುಗಿಸಲು ನೋಡುತ್ತಿದ್ದಾಳೆ, ಇನ್ನೊಮ್ಮೆ ತಟ್ಟಲಿ ಎಂದಿತು. ಅವಳು ಇನ್ನೊಮ್ಮೆ ತಟ್ಟಿದಳು. ಮತ್ತೂ ಒಮ್ಮೆ ತಟ್ಟಿದಳು. ಆಮೇಲೆ ಕೈ ಸುಮ್ಮನೆ ಬಿದ್ದಿತು. ಆಗ ನಾನು ಮೇಲೆ ಬಿದ್ದು ಬಿಡಿಸಿದೆ. ನಾನು ಮುಟ್ಟಿದ ಕ್ಷಣವೇ ಸವಿತಾ ಬಿಟ್ಟಳು, ಅರೆ ಚಣವೂ ಹೆಚ್ಚು ಹಿಡಿಯಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದರು. ಪ್ರಾಣಕ್ಕೆ ಅಪಾಯವಿಲ್ಲ ಎಂದರು, ನಡೆಯುತ್ತಾಳೆ ಎಂದರು. ಕುತ್ತಿಗೆಗೆ ತಿಂಗಳುಗಟ್ಟಲೆ ಪಟ್ಟಿ. ಎಡಗೈಯ ಎರಡು ಬೆರಳುಗಳಿಗೆ ಬಲ ಬರುವುದು ಕಷ್ಟ ಎಂದರು. ಆಸ್ಪತ್ರೆಯ ವರಾಂಡದಲ್ಲಿ ಕುಳಿತಾಗ ನಿಂಗಪ್ಪ ತಾನಾಗಿಯೇ ಹೇಳಿದ. "ಮುಂಜಾನೆ ಎಷ್ಟ ಖುಷಿಲೇ ಇದ್ದೆವ್ರಿ ಸರ. ಸೋಮು ಅವರ ಅಕ್ಕನ ಮಗಳನ್ನ ನಮ್ಮ ತಮ್ಮನ ಮಗಗ ತರೂ ಮಾತು ನಡದಿತ್ರಿ." ಅವರ ಪಿಸುಮಾತು ಒಂದು ನಿಶ್ಚಿತಾರ್ಥದ್ದು.

ಮರುದಿನ ಮಧ್ಯಾಹ್ನ ಶಿಗ್ಗಾವಿಯ ಜಿಮ್ಮಿನಲ್ಲಿ ಆಟದ ಸಂಘಕ್ಕೆ ಕಳಿಸುವ ವರದಿ ಬರೆಯಲು ಕುಳಿತೆವು. ಮಹಾಂತೇಶ ಎರಡು ಕಾರ್ಡುಗಳನ್ನು ಮೇಜಿನ ಮೇಲೆ ಇಟ್ಟ. "ಸರ, ಇಲ್ಲಿ ನೋಡ್ರಿ. ಇಬ್ರದೂ ಹವ್ಯಾಸಿ ಕಾರ್ಡು. ಪೋಸ್ಟರಿನಾಗ ಏನರ ಇರಲಿ, ಕಾರ್ಡಿನ ಪ್ರಕಾರ ಆ ಹಿಡಿತ ಬಂದ್. ಹುಡುಗಿ ನಿಷಿದ್ಧ ಹಿಡಿತ ಹಾಕಿದ್ಲು ಅಂತ ಬರೀರಿ. ಎಲ್ಲಾರೂ ಉಳೀತೇವಿ."

"ಆಕಿ ನನ್ನ ಕೇಳಿದ್ಲಪಾ. ನಾನ ಅಡ್ಡಿ ಇಲ್ಲ ಅಂದೆ," ಎಂದೆ.

"ಕೇಳಿದ್ದು ಯಾವ ಕಾಗದದಾಗ ಐತ್ರಿ?" ಎಂದ ಅವನು.

ನಾನು ಬರೆದೆ. ಸವಿತಾ ಎಂಬ ಸ್ಪರ್ಧಿ ಹವ್ಯಾಸಿ ನಿಯಮದಲ್ಲಿ ನಿಷಿದ್ಧವಾದ ಬೆನ್ನುಹುರಿ ಹಿಡಿತ ಹಾಕಿದ್ದರಿಂದ ಗಾಯವಾಯಿತು, ರೆಫ್ರಿ ತಕ್ಷಣ ಬಿಡಿಸಿದರು. ಹೆದರಿದ್ದೆ, ಅದಕ್ಕೇ ಬರೆದೆ. ಇದಕ್ಕೆ ಬೇರೆ ಬಣ್ಣ ಕಟ್ಟುವುದಿಲ್ಲ. ಸೋಮು ಒಂದು ದಿನ ಕೂಗಾಡಿದ, ಆದರೆ ಅವನ ಉಳಿದ ಹುಡುಗರಿಗೆ ಪಂದ್ಯ ಕೊಡುವವನು ಮಹಾಂತೇಶನೇ, ಹಾಗಾಗಿ ಸುಮ್ಮನಾದ. ಸಂಘದವರು ಸವಿತಾಳಿಗೆ ಎರಡು ವರ್ಷ ನಿಷೇಧ ಹಾಕಿದರು. ಸವಣೂರಿನಲ್ಲಿ ಅವಳು ಬಸ್ಸಿಗೆ ನಿಂತರೆ "ಕುತ್ತಿಗಿ ಮುರದಾಕಿ" ಎಂದು ತೋರಿಸುತ್ತಾರಂತೆ, ಹೆಣ್ಣು ನೋಡಲು ಬಂದ ಒಂದು ಕಡೆಯವರು ಇದೇ ಹೆಸರು ಕೇಳಿ ಹಿಂದೆ ಸರಿದರಂತೆ. ಈ ಸುದ್ದಿಗಳು ನನಗೆ ಬರುತ್ತಿದ್ದವು. ಬಂದಾಗಲೆಲ್ಲ ನನ್ನನ್ನು ಕಾಡಿದ್ದು ಒಂದೇ ಚಿಂತೆ. ಇವಳು ಯಾಕೆ ಬಾಯಿ ಬಿಡುತ್ತಿಲ್ಲ? ವಕೀಲರನ್ನು ಕಾಣುತ್ತಿದ್ದಾಳೋ? ಬೆಳಗಿನ ಮಾತನ್ನು ಯಾರಾದರೂ ಮೊಬೈಲಿನಲ್ಲಿ ಹಿಡಿದಿದ್ದಾರೋ?

ಆ ಪಂದ್ಯದ ನಂತರ ನಾನು ಒಂದು ಪದ್ಧತಿ ಶುರು ಮಾಡಿದೆ, ನೀವೂ ಬಿಡಬೇಡಿ. ನಿಯಮ ಓದಿದ ಮೇಲೆ ಪ್ರತಿಯೊಬ್ಬರಿಂದಲೂ ಸೋತಾಗ ಹೇಗೆ ತಟ್ಟುತ್ತೀರಿ ತೋರಿಸಿ ಎಂದು ಮಾಡಿಸಿ ನೋಡಬೇಕು. ಗರಡಿಯಿಂದ ಬಂದವರಾದರೆ ಎದುರಾಳಿಯ ಮೈಯಾಗಲಿ ನಿಮ್ಮ ಮೈಯಾಗಲಿ ಎಲ್ಲಿ ತಟ್ಟಿದರೂ ಬಿಡಿಸುತ್ತೇನೆ ಎಂದು ಬಿಡಿಸಿ ಹೇಳಬೇಕು. ಕೈ ಎಟುಕದಿದ್ದರೆ ಕಾಲಿನಿಂದ ನೆಲ ಬಡಿಯಲಿ. ಕಾರ್ಡು ನಿಮ್ಮ ಕಣ್ಣಿನಿಂದಲೇ ನೋಡಬೇಕು. ಒಂದು ತಟ್ಟಿಗೆ ಬಿಡಿಸಿದರೆ ಜನ ಬೈಯುತ್ತಾರೆ, ಬೈಯಲಿ.

ಐದು ತಿಂಗಳ ಮೇಲೆ ಹಂಸಭಾವಿಗೆ ಹೋದೆ. ರೇಣುಕಾಳನ್ನು ನೋಡುವುದು ನೆಪ. ಅವರ ಮನೆಯಲ್ಲಿ ಏನು ಮಾತು ನಡೆದಿದೆ ಎಂದು ತಿಳಿಯುವುದು ಉದ್ದೇಶ. ಅಂಗಳದಲ್ಲಿ ನಿಂತಾಗಲೇ ಒಳಗೆ ಎರಡು ದನಿ ಕೇಳಿದವು, ಒಂದು ಸವಿತಾಳದು. ಇಬ್ಬರೂ ಕೂಡಿ ಏನೋ ಹೂಡುತ್ತಿದ್ದಾರೆ ಅಂದುಕೊಂಡು ಬಾಗಿಲ ಪಕ್ಕ ನಿಂತು ಕಿವಿಗೊಟ್ಟೆ. ಒಳಗಿಂದ ಬಂದ ಮಾತು ಇಷ್ಟೇ: "ಇನ್ನೊಮ್ಮೆ ಮುಚ್ಚು. ಹಾಂ. ಇನ್ನೊಮ್ಮೆ. ಇವತ್ತ ಹತ್ತ ಸಲ ಆಗಬೇಕು."

ನಿಂಗಪ್ಪ ಹಿತ್ತಲಿನಿಂದ ಬಂದು ನನ್ನನ್ನು ಕಂಡ. "ಅಯ್ಯ, ಹೊರಗ ಯಾಕ ನಿಂತ್ರಿ ಸರ? ಒಳಗ ಬರ್ರಿ, ಕುಂದರ್ರಿ." ಒಳಗೆ ರೇಣುಕಾ ಚಾಪೆಯ ಮೇಲೆ ಕುಳಿತಿದ್ದಳು. ಸವಿತಾ ಅವಳ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ತಿನ್ನಲು ಸವಣೂರಿನ ಖಾರದ ಪೊಟ್ಟಣ. ಸವಿತಾ ವಾರಕ್ಕೊಮ್ಮೆ ಹಾವೇರಿಯಲ್ಲಿ ಬಸ್ಸು ಬದಲಿಸಿ ಬರುತ್ತಾಳಂತೆ. ಇಬ್ಬರೂ ಏಳಲು ಹೋದರು, ನಾನು ಬೇಡವೆಂದೆ. ನಿಂಗಪ್ಪ ಚಹಾಕ್ಕೆ ಹೇಳಲು ಒಳಗೆ ಹೋದ.

ರೇಣುಕಾ ನನ್ನನ್ನೇ ನೋಡುತ್ತಿದ್ದಳು. "ಸರ, ಒಂದ ಮಾತ ಕೇಳ್ಲೇನ್ರಿ? ನಾ ತೊಡಿ ತಟ್ಟಿದ್ದು ನಿಮಗ ಕಾಣಲಿಲ್ಲೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಸವಿತಾ ಹೇಳಿದಳು, "ಏನ ಕೇಳ್ತೀಬೇ ನೀ? ಸರ್‌ಗ ಕಂಡಿದ್ರ ಬಿಡಸತಿದ್ದಿಲ್ಲೇನ?" ಆಮೇಲೆ ನನ್ನ ಕಡೆ ತಿರುಗಿದಳು. "ನಾ ಆ ದಿನ ಮುಂಜಾನೆ ಸರಿಯಾಗಿ ಕೇಳಬೇಕಿತ್ರಿ ಸರ. ಹವ್ಯಾಸಿ ಕಾರ್ಡಿಗೆ ನಡೀತೈತೇನು ಅಂತ ಕೇಳಲಿಲ್ಲ ನಾನು. ನೀವು ಬರದೀರಂದ್ರ ನಂದ ತಪ್ಪಿರಬೇಕು."

ಐದು ತಿಂಗಳು ನಾನು ಇವಳು ವಕೀಲರನ್ನು ಕಾಣುತ್ತಿದ್ದಾಳೆ ಎಂದು ಯೋಚಿಸುತ್ತಿದ್ದೆ. ಇವಳು ನನ್ನ ಸಹಿಯನ್ನು ನಂಬಿಕೊಂಡು ತನ್ನದೇ ತಪ್ಪು ಹುಡುಕುತ್ತ ಕುಳಿತಿದ್ದಳು. ನನಗೆ ನನ್ನ ಮೇಲೆ ಅಸಹ್ಯವಾಯಿತು. ಅಳು ಬಂತು, ಅದನ್ನೂ ಬರೆದುಬಿಡುತ್ತೇನೆ.

"ಕಂಡಿತ್ತು," ಎಂದೆ. "ಮೊದಲನೇ ಸಲನ ಕಂಡಿತ್ತು."

ಸವಿತಾಳ ಕೈ ನಿಂತಿತು. ಅವಳು ಕೇಳಿದಳು, "ಮತ್ತ ನನ್ನ ಮ್ಯಾಲ ಯಾಕ ಬರದ್ರಿ?"

"ಹೆದರಿದೆ."

ಅವಳು ಎದ್ದು ಗೂಡಿನಲ್ಲಿದ್ದ ನೋಟುಬುಕ್ಕಿನಿಂದ ಒಂದು ಹಾಳೆ ಹರಿದು ತಂದು ನನ್ನ ಮುಂದೆ ಇಟ್ಟಳು, ಪೆನ್ನು ಕೊಟ್ಟಳು. ಫ್ಯಾನಿನ ಗಾಳಿಗೆ ಹಾಳೆ ಏಳುತ್ತಿತ್ತು. ರೇಣುಕಾ ಜರುಗಿ ಬಂದು ತನ್ನ ಎಡಗೈಯನ್ನು ಅದರ ಮೇಲೆ ಇಟ್ಟಳು. ಎರಡು ಬೆರಳು ಹಾಳೆಯನ್ನು ಒತ್ತಲಿಲ್ಲ, ಮೂರು ಒತ್ತಿದವು. ಬೆಳಿಗ್ಗೆ ಸವಿತಾ ಕೇಳಿದ್ದು, ನಾನು ಅಡ್ಡಿಯಿಲ್ಲ ಎಂದದ್ದು, ಕಾರ್ಡು ನೋಡದ್ದು, ಮೂರು ಸಲ ತಟ್ಟಿದ್ದು ಕಂಡೂ ತಡ ಮಾಡಿದ್ದು, ಎಲ್ಲವನ್ನೂ ಸಂಘಕ್ಕೆ ಬರೆದೆ.

ಆ ಪತ್ರದಿಂದ ಸವಿತಾಳ ನಿಷೇಧ ಹೋಯಿತು, ನನ್ನ ರೆಫ್ರಿ ಕೆಲಸವೂ ಹೋಯಿತು. ಅದು ಮುಂದಿನ ತಿಂಗಳ ಮಾತು. ಅವತ್ತು ಸಹಿ ಮಾಡಿ, ನಾಳೆ ಹಾನಗಲ್ಲಿನ ಪೋಸ್ಟಿಗೆ ಹಾಕುತ್ತೇನೆ ಎಂದು ಹಾಳೆಯನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಳ್ಳಲು ಹೋದೆ. ಸವಿತಾ ಕೈ ಚಾಚಿದಳು. ನಾನು ಕೊಟ್ಟೆ. ಅವಳು ಮಡಿಕೆ ಬಿಚ್ಚಿ ಮೊದಲಿಂದ ಕೊನೆಯವರೆಗೆ ಓದಿದಳು, ಸಹಿಯ ಮೇಲೆ ಬೆರಳಿಟ್ಟು ನೋಡಿದಳು, ಹಾಳೆ ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದಳು, ಮೊಬೈಲಿನಲ್ಲಿ ಎರಡು ಫೋಟೋ ತೆಗೆದಳು.

"ನಾನ ಪೋಸ್ಟಿಗೆ ಹಾಕ್ತೇನ್ರಿ ಸರ," ಎಂದಳು. "ನಿಮ್ಮ ಕೈಯಾಗ ಬ್ಯಾಡ."